ದೂರದ ಸರ್ವರ್‌ನಲ್ಲಿ ಓಡುವ ಜಾವಾ ಅಪ್ಲಿಕೇಶನ್: ಮಾನಿಟರಿಂಗ್, ಪ್ರೊಫೈಲಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಲಿನಕ್ಸ್ ಮೇಲೆ ಓಡುವ ಹಾಟ್‌ಸ್ಪಾಟ್ ಜೆವಿಎಂಗೆ (ಜಾವಾ ಪ್ರೋಗ್ರಾಮ್ ಓಡಿಸುವ ಎಂಜಿನ್), ಜಾವಾ 8ರಿಂದ 21ರವರೆಗಿನ ಆವೃತ್ತಿಗಳಿಗೆ ಹೊಂದುತ್ತವೆ. ಕಮಾಂಡ್, ಆಯ್ಕೆಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ, ಚುಕ್ಕಿ ಹೈಫನ್ ತಪ್ಪದಂತೆ ಟೈಪ್ ಮಾಡಿ.

## ಮೊದಲ ಹೆಜ್ಜೆ

ಮಾನಿಟರಿಂಗ್, ಪ್ರೊಫೈಲಿಂಗ್ ಎರಡೂ ಒಂದೇ ಅಲ್ವಾ?

ಅಲ್ಲ. ಹೀಪ್ (ಆಬ್ಜೆಕ್ಟ್‌ಗಳಿರುವ ಮೆಮೊರಿ) ಎಷ್ಟು ತುಂಬಿದೆ, ಥ್ರೆಡ್ ಎಷ್ಟಿವೆ, ಜಿಸಿಗೆ (ಬೇಡದ ಆಬ್ಜೆಕ್ಟ್ ಗುಡಿಸುವ ಕೆಲಸಕ್ಕೆ) ಎಷ್ಟು ಹೊತ್ತು ಹೋಗಿದೆ ಅನ್ನೋ ಅಂಕಿಗಳನ್ನು ದಿನವಿಡೀ ನೋಡುವುದು ಮಾನಿಟರಿಂಗ್. ಆ ಹೊತ್ತು, ಆ ಮೆಮೊರಿ ಯಾವ ಮೆಥಡ್‌ಗೆ ಹೋಯಿತು ಅಂತ ಹುಡುಕುವುದು ಪ್ರೊಫೈಲಿಂಗ್. ಏನೋ ಕೆಟ್ಟಿದೆ ಅಂತ ಮೊದಲನೆಯದು ಹೇಳುತ್ತದೆ, ಎಲ್ಲಿ ಅಂತ ಎರಡನೆಯದು. ಮೊದಲನೆಯದಕ್ಕೆ ಸರ್ವರ್ ಜೊತೆ ಸದಾ ಸಂಪರ್ಕ ಬೇಕು. ಎರಡನೆಯದಕ್ಕೆ ಬಹುತೇಕ ಸಲ ಬೇಕಾಗಿಲ್ಲ: ಅಲ್ಲೇ ರೆಕಾರ್ಡ್ ಮಾಡಿ, ಫೈಲ್ ತಂದು ಇಲ್ಲಿ ಓದಿದರೆ ಸಾಕು. ಇದು ಗೊತ್ತಿಲ್ಲದೆ ಪೋರ್ಟ್, ಫೈರ್‌ವಾಲ್ ಅಂತ ಎರಡು ದಿನ ಕಳೆಯುವವರೇ ಹೆಚ್ಚು.

ಜೆಕನ್ಸೋಲ್, ವಿಶುವಲ್‌ವಿಎಂ, ಮಿಷನ್ ಕಂಟ್ರೋಲ್ ಅಂತ ಏನೇನೋ ಇದೆ. ಯಾವುದರಿಂದ ಶುರು ಮಾಡ್ಲಿ?

ಸಮಸ್ಯೆ ಈಗ ನಡೀತಾ ಇದ್ದರೆ, ಓಡುತ್ತಿರುವ ಜೆವಿಎಂಗೆ ಕಮಾಂಡ್ ಕಳಿಸುವ ಜೆಸಿಎಂಡಿ, ಮತ್ತು ಅದರೊಳಗೆ ನಡೆಯುವುದನ್ನು ಫೈಲಿಗೆ ದಾಖಲಿಸುವ ಫ್ಲೈಟ್ ರೆಕಾರ್ಡರ್, ಅಂದರೆ ಜೆಎಫ್‌ಆರ್. ಎರಡೂ ಜೆಡಿಕೆ (ಜಾವಾ ಡೆವಲಪ್‌ಮೆಂಟ್ ಕಿಟ್) ಒಳಗೇ ಇವೆ. ಜೆಎಫ್‌ಆರ್ ಜಾವಾ 11ರಿಂದ ಓಪನ್ ಸೋರ್ಸ್. ಓಪನ್‌ಜೆಡಿಕೆ 8ಕ್ಕೂ ಅಪ್‌ಡೇಟ್ 262ರಲ್ಲಿ ಬಂತು. ಆ ಫೈಲ್ ಓದಲು ಮಿಷನ್ ಕಂಟ್ರೋಲ್ ಬೇಕು, ಅದನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು.

ಎಂಬೀನ್ (ಜೆವಿಎಂ ತನ್ನ ಅಂಕಿ, ಆಪರೇಶನ್‌ಗಳನ್ನು ಹೊರಗೆ ತೋರಿಸುವ ಆಬ್ಜೆಕ್ಟ್) ಒಂದರ ಮೌಲ್ಯ ನೋಡಬೇಕು, ಒಂದು ಆಪರೇಶನ್ ಕರೆಯಬೇಕು ಅಂದರೆ ಜೆಕನ್ಸೋಲ್ ಸಾಕು. ಅದಕ್ಕಿಂತ ಸ್ವಲ್ಪ ಹೆಚ್ಚು ಬೇಕಾದರೆ ವಿಶುವಲ್‌ವಿಎಂ; ಜಾವಾ 8ರವರೆಗೆ ಒರಾಕಲ್ ಜೆಡಿಕೆ ಜೊತೆಗೇ ಬರುತ್ತಿತ್ತು, 9ರಿಂದ ಬೇರೆ ಡೌನ್‌ಲೋಡ್.

ಪ್ರೊಡಕ್ಷನ್‌ನಲ್ಲಿ ಇದನ್ನೆಲ್ಲ ಹಾಕಿದ್ರೆ ಅಪ್ಲಿಕೇಶನ್ ನಿಧಾನ ಆಗಲ್ವಾ?

ಯಾವುದನ್ನು ಹಾಕುತ್ತೀರಿ ಅನ್ನೋದರ ಮೇಲೆ ಇದೆ. ಜೆಎಂಎಕ್ಸ್ (ಎಂಬೀನ್‌ಗಳನ್ನು ದೂರದಿಂದ ನೋಡಲು ಜಾವಾದಲ್ಲಿರುವ ವ್ಯವಸ್ಥೆ) ಪೋರ್ಟ್ ತೆರೆದಿಟ್ಟರೆ ಹೊರೆ ಇಲ್ಲವೆನ್ನುವಷ್ಟು ಕಡಿಮೆ. ಜೆಎಫ್‌ಆರ್‌ನ ಡೀಫಾಲ್ಟ್ ಸೆಟ್ಟಿಂಗ್‌ನ ಗುರಿ 1%ನ ಆಸುಪಾಸು, ಪ್ರೊಫೈಲ್ ಸೆಟ್ಟಿಂಗ್‌ನದು 2%ನ ಆಸುಪಾಸು. ನೇಟಿವ್ ಮೆಮೊರಿ ಟ್ರ್ಯಾಕಿಂಗ್‌ಗೆ (ಜೆವಿಎಂ ತಾನು ಬಳಸುವ ಮೆಮೊರಿಯ ಲೆಕ್ಕ ಇಡುವುದಕ್ಕೆ) 5ರಿಂದ 10%. ಪ್ರತಿ ಮೆಥಡ್‌ಗೂ ಕೋಡ್ ಸೇರಿಸಿ ಎಣಿಸುವ ಇನ್‌ಸ್ಟ್ರುಮೆಂಟೇಶನ್ ಪ್ರೊಫೈಲಿಂಗ್ ಮಾತ್ರ ಹಲವು ಪಟ್ಟು ನಿಧಾನ ಮಾಡಬಲ್ಲದು. ಅದಕ್ಕಿಂತ ಕೆಟ್ಟದ್ದು, ಸಣ್ಣ ಮೆಥಡ್‌ಗಳನ್ನು ದೊಡ್ಡದಾಗಿ ತೋರಿಸಿ ದಾರಿ ತಪ್ಪಿಸುತ್ತದೆ. ಪ್ರೊಡಕ್ಷನ್‌ನಲ್ಲಿ ಸ್ಯಾಂಪ್ಲಿಂಗ್ (ಆಗಾಗ ಇಣುಕಿ ನೋಡುವುದು) ಮಾತ್ರ.

## ಜೆಎಂಎಕ್ಸ್ ಸಂಪರ್ಕ

ಜೆಎಂಎಕ್ಸ್ ಆನ್ ಮಾಡೋಕೆ ಕನಿಷ್ಠ ಏನೇನು ಸೆಟ್ಟಿಂಗ್ ಬೇಕು?

ಜೆವಿಎಂಗೆ ಕೊಡುವ ಆರು ಆಯ್ಕೆ. ಮೊದಲ ಐದರ ಹೆಸರೂ ಕಾಮ್.ಸನ್.ಮ್ಯಾನೇಜ್‌ಮೆಂಟ್ ಅಂತ ಶುರುವಾಗುತ್ತದೆ, ಪಟ್ಟಿಯಲ್ಲಿ ಅದನ್ನು ಬಿಟ್ಟು ಬರೆದಿದೆ. ಆರಕ್ಕೂ ಮುಂದೆ ಹೈಫನ್ ಮತ್ತು ದೊಡ್ಡ ಡಿ.

- ಜೆಎಂಎಕ್ಸ್‌ರಿಮೋಟ್.ಪೋರ್ಟ್=9010
- ಜೆಎಂಎಕ್ಸ್‌ರಿಮೋಟ್.ಆರ್‌ಎಂಐ.ಪೋರ್ಟ್=9010
- ಜೆಎಂಎಕ್ಸ್‌ರಿಮೋಟ್.ಹೋಸ್ಟ್=127.0.0.1
- ಜೆಎಂಎಕ್ಸ್‌ರಿಮೋಟ್.ಆಥೆಂಟಿಕೇಟ್=ಟ್ರೂ
- ಜೆಎಂಎಕ್ಸ್‌ರಿಮೋಟ್.ಎಸ್‌ಎಸ್‌ಎಲ್=ಫಾಲ್ಸ್
- ಜಾವಾ.ಆರ್‌ಎಂಐ.ಸರ್ವರ್.ಹೋಸ್ಟ್‌ನೇಮ್=127.0.0.1

ಎರಡು ಪೋರ್ಟ್‌ಗೂ ಒಂದೇ ನಂಬರ್ ಕೊಡಬಹುದು, ಕೊಡುವುದೇ ಒಳ್ಳೆಯದು. ಇದು ಎಸ್‌ಎಸ್‌ಎಚ್ ಟನಲ್ (ಸರ್ವರ್‌ಗೆ ಹೋಗುವ ಎನ್‌ಕ್ರಿಪ್ಟ್ ಆದ ದಾರಿ) ಮೂಲಕ ಬಳಸುವ ಸೆಟ್ಟಿಂಗ್, ಅದಕ್ಕೇ ಎಸ್‌ಎಸ್‌ಎಲ್ ಬೇಡ ಅಂದದ್ದು. ನೇರವಾಗಿ ನೆಟ್‌ವರ್ಕ್ ಮೇಲೆ ತೆರೆದರೆ ಎಸ್‌ಎಸ್‌ಎಲ್ ಟ್ರೂ ಇರಬೇಕು, ಕೀಸ್ಟೋರ್‌ನ ಜಾಗ, ಪಾಸ್‌ವರ್ಡ್ ಕೂಡ ಕೊಡಬೇಕು.

ತಪ್ಪಾಗುವ ಕಡೆ ಎರಡು. ಆಯ್ಕೆಗಳನ್ನು ಜಾರ್ ಫೈಲಿನ ಹೆಸರಿನ ನಂತರ ಬರೆದರೆ ಅವು ಜೆವಿಎಂಗೆ ತಲುಪುವುದೇ ಇಲ್ಲ, ನಿಮ್ಮ ಪ್ರೋಗ್ರಾಮ್‌ನ ಆರ್ಗ್ಯುಮೆಂಟ್ ಆಗಿಬಿಡುತ್ತವೆ. ಎರರ್ ಕೂಡ ಬರಲ್ಲ. ಟಾಮ್‌ಕ್ಯಾಟ್‌ನಲ್ಲಾದರೆ ಅವನ್ನು ಜಾವಾ_ಆಪ್ಟ್ಸ್‌ಗೆ ಹಾಕದೆ ಕ್ಯಾಟಲಿನಾ_ಆಪ್ಟ್ಸ್‌ಗೆ ಹಾಕಿ. ನಿಲ್ಲಿಸುವ ಸ್ಕ್ರಿಪ್ಟ್ ಕೂಡ ಒಂದು ಜೆವಿಎಂ ಎಬ್ಬಿಸುತ್ತದೆ. ಜಾವಾ_ಆಪ್ಟ್ಸ್‌ನಲ್ಲಿ ಪೋರ್ಟ್ ಇದ್ದರೆ ಅದೂ 9010 ಹಿಡಿಯಲು ಹೋಗಿ, ಪೋರ್ಟ್ ಬಳಕೆಯಲ್ಲಿದೆ ಅಂತ ಸತ್ತು, ಟಾಮ್‌ಕ್ಯಾಟ್ ನಿಲ್ಲುವುದೇ ಇಲ್ಲ.

ಪೋರ್ಟ್ ಓಪನ್ ಇದೆ, ಟೆಲ್ನೆಟ್ ಆಗುತ್ತೆ, ಆದ್ರೂ ಜೆಕನ್ಸೋಲ್ ಕನೆಕ್ಟ್ ಆಗ್ತಿಲ್ಲ. ಯಾಕೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕಾರಣ, ಜೆಎಂಎಕ್ಸ್ ಸಂಪರ್ಕ ಒಂದಲ್ಲ, ಎರಡು. 9010ರಲ್ಲಿ ಕೂತಿರುವುದು ಆರ್‌ಎಂಐ (ಇನ್ನೊಂದು ಜೆವಿಎಂನ ಮೆಥಡ್ ಕರೆಯುವ ವಿಧಾನ) ರಿಜಿಸ್ಟ್ರಿ. ಅದು ವಿಳಾಸ ಹೇಳುವ ಕಾವಲುಗಾರನಂತೆ: ನೀವು ಕೇಳಿದರೆ ಒಂದು ಸ್ಟಬ್ ಕೊಡುತ್ತದೆ, ಆ ಸ್ಟಬ್‌ನೊಳಗೆ ಇನ್ನೊಂದು ಹೋಸ್ಟ್, ಇನ್ನೊಂದು ಪೋರ್ಟ್ ಬರೆದಿರುತ್ತದೆ. ನಿಜವಾದ ಮಾತುಕತೆ ಅಲ್ಲಿ. ಟೆಲ್ನೆಟ್ ಪರೀಕ್ಷಿಸಿದ್ದು ಕಾವಲುಗಾರನನ್ನು ಮಾತ್ರ.

ಇಲ್ಲಿ ಕೆಡುವುದು ಎರಡು ರೀತಿ. ಒಂದು, ಆರ್‌ಎಂಐ.ಪೋರ್ಟ್ ಕೊಡದಿದ್ದರೆ ಜೆವಿಎಂ ಪ್ರತಿ ಸಲ ಬೇರೆ ಬೇರೆ ಖಾಲಿ ಪೋರ್ಟ್ ಹಿಡಿಯುತ್ತದೆ, ಫೈರ್‌ವಾಲ್ ಅದನ್ನು ಬಿಡುವುದಿಲ್ಲ. ಆಗ ಕಿಟಕಿ ಬಹಳ ಹೊತ್ತು ಸುಮ್ಮನೆ ಕಾದು ಟೈಮ್‌ಔಟ್ ಆಗುತ್ತದೆ. ಎರಡು, ಹೋಸ್ಟ್ ತಪ್ಪು. ಡೆಬಿಯನ್, ಉಬುಂಟು ಯಂತ್ರಗಳ ಹೋಸ್ಟ್ಸ್ ಫೈಲಿನಲ್ಲಿ ಯಂತ್ರದ ಹೆಸರಿನ ಎದುರು 127.0.1.1 ಇರುವುದು ಮಾಮೂಲಿ. ಸರ್ವರ್ ತನ್ನ ವಿಳಾಸ ಅದೇ ಅಂದುಕೊಂಡು ಸ್ಟಬ್‌ನಲ್ಲಿ ಬರೆದು ಕಳಿಸುತ್ತದೆ. ನಿಮ್ಮ ಲ್ಯಾಪ್‌ಟಾಪ್ 127.0.1.1ಕ್ಕೆ, ಅಂದರೆ ತನಗೆ ತಾನೇ, ಕರೆ ಮಾಡುತ್ತದೆ. ಆಗ ತಕ್ಷಣ ಕನೆಕ್ಷನ್ ರಿಫ್ಯೂಸ್ಡ್.

ಸರ್ವರ್‌ನಲ್ಲಿ ಹೋಸ್ಟ್‌ನೇಮ್ ಕಮಾಂಡನ್ನು ಸಣ್ಣ ಐ ಆಯ್ಕೆಯೊಂದಿಗೆ ಓಡಿಸಿ. 127ರಿಂದ ಶುರುವಾಗುವ ಉತ್ತರ ಬಂದರೆ ಇದೇ ರೋಗ. ಮೇಲಿನ ಪಟ್ಟಿಯ ಆರ್‌ಎಂಐ.ಸರ್ವರ್.ಹೋಸ್ಟ್‌ನೇಮ್‌ನಲ್ಲಿ ನಿಮ್ಮ ಕಡೆಯಿಂದ ತಲುಪಬಲ್ಲ ವಿಳಾಸ ಕೊಡಿ. ಟನಲ್ ಆದರೆ 127.0.0.1.

ಎಸ್‌ಎಸ್‌ಎಚ್ ಟನಲ್ ಹೇಗೆ ಹಾಕೋದು? ಪೋರ್ಟ್ ನಂಬರ್ ಬದಲಾಯಿಸಬಹುದಾ?

ಬದಲಾಯಿಸುವಂತಿಲ್ಲ. ಸ್ಟಬ್ 127.0.0.1ರ 9010 ಅಂತಲೇ ಹೇಳುವುದರಿಂದ ನಿಮ್ಮ ಕಡೆಯೂ 9010 ಇರಲೇಬೇಕು. ಎಸ್‌ಎಸ್‌ಎಚ್‌ಗೆ ದೊಡ್ಡ ಎಲ್ ಆಯ್ಕೆ ಕೊಟ್ಟು 9010:127.0.0.1:9010 ಅಂತ ಬರೆದು ಸರ್ವರ್‌ಗೆ ಲಾಗಿನ್ ಆಗಿ. ಆ ಕಿಟಕಿ ಮುಚ್ಚದೆ, ಇನ್ನೊಂದರಲ್ಲಿ ಜೆಕನ್ಸೋಲ್ ತೆಗೆದು 127.0.0.1:9010 ಕೊಡಿ. ಹಲವು ಸರ್ವರ್ ನೋಡಬೇಕಾದರೆ ಪ್ರತಿಯೊಂದಕ್ಕೂ ಬೇರೆ ನಂಬರ್ ಹಂಚಿ: 9010, 9011, 9012.

ಪಾಸ್‌ವರ್ಡ್ ಫೈಲ್ ಇಟ್ಟ ಮೇಲೆ ಅಪ್ಲಿಕೇಶನ್ ಏಳೋದೇ ಇಲ್ಲ, ರೀಡ್ ಆಕ್ಸೆಸ್ ಮಸ್ಟ್ ಬಿ ರಿಸ್ಟ್ರಿಕ್ಟೆಡ್ ಅಂತಾನೆ.

ಆ ಫೈಲನ್ನು ಜೆವಿಎಂ ಓಡಿಸುವ ಬಳಕೆದಾರ ಬಿಟ್ಟು ಬೇರೆ ಯಾರೂ ಓದುವಂತಿರಬಾರದು. ಸಿಎಚ್‌ಓನ್‌ನಿಂದ ಒಡೆತನ ಆ ಬಳಕೆದಾರನಿಗೆ, ಸಿಎಚ್‌ಮಾಡ್ 600. ಮಾದರಿ ಫೈಲು ಜಾವಾ 8ರಲ್ಲಿ ಜೆಆರ್‌ಇಯ ಲಿಬ್ ಒಳಗಿನ ಮ್ಯಾನೇಜ್‌ಮೆಂಟ್ ಫೋಲ್ಡರ್‌ನಲ್ಲಿದೆ, 9ರಿಂದ ಕಾನ್ಫ್ ಒಳಗಿನ ಮ್ಯಾನೇಜ್‌ಮೆಂಟ್‌ನಲ್ಲಿ. ಜೊತೆಯ ಆಕ್ಸೆಸ್ ಫೈಲಿನಲ್ಲಿ ಎರಡು ಪಾತ್ರ ಇರುತ್ತವೆ: ಮಾನಿಟರ್‌ರೋಲ್ ಓದಲು ಮಾತ್ರ, ಕಂಟ್ರೋಲ್‌ರೋಲ್ ಬರೆಯಲೂ. ಡ್ಯಾಶ್‌ಬೋರ್ಡ್‌ಗೆ ಮೊದಲನೆಯದೇ ಕೊಡಿ.

ಜಾವಾ 10ರಿಂದ, ಫೈಲಿಗೆ ಬರೆಯುವ ಅನುಮತಿ ಇದ್ದರೆ ಜೆವಿಎಂ ಪಾಸ್‌ವರ್ಡ್ ಅಳಿಸಿ ಅದರ ಹ್ಯಾಶ್ ಬರೆದಿಡುತ್ತದೆ. ಫೈಲ್ ತೆರೆದಾಗ ನೀವು ಬರೆದದ್ದು ಕಾಣದಿದ್ದರೆ ಗಾಬರಿ ಬೇಡ.

ಎಲ್ಲ ಇಂಟ್ರಾನೆಟ್ ಒಳಗೇ ಇದೆ. ಆಥೆಂಟಿಕೇಟ್ ಫಾಲ್ಸ್ ಇಟ್ಟರೆ ಏನು ಮಹಾ?

ಜೆಎಂಎಕ್ಸ್ ಬರೀ ಅಂಕಿ ತೋರಿಸುವ ಕಿಟಕಿ ಅಲ್ಲ. ಡಯಾಗ್ನೋಸ್ಟಿಕ್‌ಕಮಾಂಡ್ ಅನ್ನೋ ಎಂಬೀನ್ ಮೂಲಕ ಜೆಸಿಎಂಡಿಯ ಬಹುತೇಕ ಕೆಲಸ ದೂರದಿಂದಲೇ ಮಾಡಬಹುದು, ಹೀಪ್ ಡಂಪ್ (ಹೀಪ್‌ನ ನಕಲು ಫೈಲ್) ತೆಗೆದು ಡಿಸ್ಕ್ ತುಂಬಿಸಬಹುದು. ಬರೆಯುವ ಅನುಮತಿ ಇದ್ದರೆ ಬೇರೆ ಕೋಡ್ ಲೋಡ್ ಮಾಡಿಸುವ ದಾರಿಗಳೂ ಇವೆ. ಪಾಸ್‌ವರ್ಡ್ ಇಲ್ಲದ ಜೆಎಂಎಕ್ಸ್ ಪೋರ್ಟ್ ಅಂದರೆ ಆ ಬಳಕೆದಾರನ ಶೆಲ್ ತೆರೆದಿಟ್ಟ ಹಾಗೆ. 5005ರಲ್ಲಿ ತೆರೆಯುವ ಡೀಬಗ್ ಪೋರ್ಟ್‌ಗೂ ಇದೇ ಮಾತು, ಅದಕ್ಕಂತೂ ಪಾಸ್‌ವರ್ಡ್ ಹಾಕುವ ಸೌಲಭ್ಯವೇ ಇಲ್ಲ.

ಅಪ್ಲಿಕೇಶನ್ ಓಡ್ತಾ ಇದೆ, ರೀಸ್ಟಾರ್ಟ್ ಮಾಡೋ ಹಾಗಿಲ್ಲ. ಈಗ ಜೆಎಂಎಕ್ಸ್ ಆನ್ ಮಾಡಬಹುದಾ?

ಮಾಡಬಹುದು. ಸರ್ವರ್‌ಗೆ ಲಾಗಿನ್ ಆಗಿ, ಪಿಐಡಿ (ಪ್ರೋಸೆಸ್ ನಂಬರ್) 4182 ಅಂತಿಟ್ಟುಕೊಂಡರೆ, ಜೆಸಿಎಂಡಿ 4182 ಮ್ಯಾನೇಜ್‌ಮೆಂಟ್‌ಏಜೆಂಟ್.ಸ್ಟಾರ್ಟ್ ಅಂತ ಬರೆದು ಮುಂದೆ ಪೋರ್ಟ್, ಆರ್‌ಎಂಐ.ಪೋರ್ಟ್, ಪಾಸ್‌ವರ್ಡ್ ಫೈಲ್ ಆಯ್ಕೆಗಳನ್ನು ಕೊಡಿ. ಮುಗಿದ ಮೇಲೆ ಮ್ಯಾನೇಜ್‌ಮೆಂಟ್‌ಏಜೆಂಟ್.ಸ್ಟಾಪ್, ಇದನ್ನು ಮರೆಯುವವರೇ ಎಲ್ಲ.

ಕೊರತೆ ಒಂದಿದೆ: ಆರ್‌ಎಂಐ ಹೋಸ್ಟ್‌ನೇಮನ್ನು ಈ ಕಮಾಂಡ್‌ನಲ್ಲಿ ಕೊಡಲು ಬರುವುದಿಲ್ಲ, ಹಾಗಾಗಿ 127.0.1.1ರ ರೋಗ ಮತ್ತೆ ಕಾಡಬಹುದು. ಆಗ ಎಸ್‌ಎಸ್‌ಎಚ್‌ನ ದೊಡ್ಡ ಡಿ ಆಯ್ಕೆಯಿಂದ 1080ರಲ್ಲಿ ಸಾಕ್ಸ್ ಪ್ರಾಕ್ಸಿ ಎಬ್ಬಿಸಿ, ಜೆಕನ್ಸೋಲ್‌ಗೆ ಸಾಕ್ಸ್‌ಪ್ರಾಕ್ಸಿಹೋಸ್ಟ್, ಸಾಕ್ಸ್‌ಪ್ರಾಕ್ಸಿಪೋರ್ಟ್ ಕೊಡಿ. ಸ್ಟಬ್ ಹೇಳಿದ ವಿಳಾಸಕ್ಕೆ ಸರ್ವರ್ ಕಡೆಯಿಂದಲೇ ಕರೆ ಹೋಗುವುದರಿಂದ 127.0.1.1 ಕೂಡ ಸರಿಹೋಗುತ್ತದೆ. ಸಾಕ್ಸ್‌ನಾನ್‌ಪ್ರಾಕ್ಸಿಹೋಸ್ಟ್ಸ್ ಅನ್ನೋದನ್ನೂ ಬರೆದು, = ಚಿಹ್ನೆಯ ನಂತರ ಖಾಲಿ ಬಿಡಲು ಮರೆಯಬೇಡಿ. ಇಲ್ಲದಿದ್ದರೆ 127ರ ವಿಳಾಸಗಳನ್ನು ಜಾವಾ ಪ್ರಾಕ್ಸಿಗೆ ಕಳಿಸುವುದೇ ಇಲ್ಲ.

ಪಿಎಸ್‌ನಲ್ಲಿ ಜಾವಾ ಕಾಣುತ್ತೆ, ಜೆಪಿಎಸ್‌ನಲ್ಲಿ (ಜೆಡಿಕೆ ಕೊಡುವ ಜಾವಾ ಪ್ರೋಸೆಸ್ ಪಟ್ಟಿ) ಕಾಣಲ್ಲ. ಜೆಸಿಎಂಡಿ ಕೂಡ ಅಟ್ಯಾಚ್ ಆಗಲ್ಲ.

ಮೊದಲು ಬಳಕೆದಾರ ಯಾರು ನೋಡಿ. ಅಪ್ಲಿಕೇಶನ್ ಯಾವ ಬಳಕೆದಾರನಲ್ಲಿ ಓಡುತ್ತಿದೆಯೋ ಅದೇ ಹೆಸರಿನಲ್ಲಿ ಸುಡೋ ಮಾಡಿ ಜೆಸಿಎಂಡಿ ಓಡಿಸಬೇಕು.

ಅದು ಸರಿಯಿದ್ದರೆ ಟಿಎಂಪಿ ಫೋಲ್ಡರ್ ಕಡೆ ನೋಡಿ. ಜೆಪಿಎಸ್ ಓದುವುದು ಅಲ್ಲಿನ ಎಚ್‌ಎಸ್‌ಪರ್ಫ್‌ಡೇಟಾ ಫೈಲನ್ನು, ಅಟ್ಯಾಚ್ ಆಗುವುದು ಅಲ್ಲಿನ ಡಾಟ್ ಜಾವಾ_ಪಿಐಡಿ ಸಾಕೆಟ್ ಮೂಲಕ. ಹಳೆ ಫೈಲ್ ಗುಡಿಸುವ ಕೆಲಸವೊಂದು ರಾತ್ರಿ ಓಡಿ ಇವನ್ನು ಅಳಿಸಿದ್ದರೆ ಜೆವಿಎಂ ಚೆನ್ನಾಗಿಯೇ ಇರುತ್ತದೆ, ನಿಮಗೆ ಮಾತ್ರ ಕಾಣುವುದಿಲ್ಲ. ರೀಸ್ಟಾರ್ಟ್ ಮಾಡಿ, ಆ ಎರಡನ್ನು ಗುಡಿಸುವ ಪಟ್ಟಿಯಿಂದ ಬಿಡಿ. ಸಿಸ್ಟಂಡಿ ಸರ್ವಿಸ್‌ನಲ್ಲಿ ಪ್ರೈವೇಟ್‌ಟಿಎಂಪಿ ಆನ್ ಇದ್ದರೂ ಜೆಪಿಎಸ್ ಕಣ್ಣಿಗೆ ಬೀಳದಿರಬಹುದು, ಸರ್ವಿಸ್‌ನ ಟಿಎಂಪಿಯೇ ಬೇರೆ.

## ರೆಕಾರ್ಡ್ ಮಾಡಿ, ತಂದು, ಓದುವುದು

ಜೆಎಫ್‌ಆರ್ ರೆಕಾರ್ಡಿಂಗ್ ಮಾಡೋದು ಹೇಗೆ? ಒಂದೊಂದೇ ಹೆಜ್ಜೆ ಹೇಳಿ.

1. ಸಮಸ್ಯೆ ನಡೆಯುತ್ತಿರುವಾಗಲೇ ಶುರು ಮಾಡಿ: ಜೆಸಿಎಂಡಿ 4182 ಜೆಎಫ್‌ಆರ್.ಸ್ಟಾರ್ಟ್ ನೇಮ್=ಎ1 ಸೆಟ್ಟಿಂಗ್ಸ್=ಪ್ರೊಫೈಲ್ ಡ್ಯುರೇಶನ್=5ಎಂ, ಕೊನೆಗೆ ಫೈಲ್‌ನೇಮ್ ಮತ್ತು ಪೂರ್ತಿ ಪಾತ್.
2. ಓಡುತ್ತಿದೆಯಾ ಅಂತ ಜೆಎಫ್‌ಆರ್.ಚೆಕ್‌ನಿಂದ ನೋಡಿ. ಅವಧಿ ಮುಗಿಯುವ ಮೊದಲೇ ಬೇಕಾದರೆ ಜೆಎಫ್‌ಆರ್.ಡಂಪ್.
3. ಎಸ್‌ಸಿಪಿಯಿಂದ ಫೈಲ್ ತನ್ನಿ, ಮಿಷನ್ ಕಂಟ್ರೋಲ್‌ನಲ್ಲಿ ತೆರೆಯಿರಿ.

ಪಾತ್ ಪೂರ್ತಿ ಕೊಡದಿದ್ದರೆ ಫೈಲು ನೀವಿರುವ ಫೋಲ್ಡರ್‌ನಲ್ಲಿ ಅಲ್ಲ, ಅಪ್ಲಿಕೇಶನ್ ಶುರುವಾದ ಫೋಲ್ಡರ್‌ನಲ್ಲಿ ಬೀಳುತ್ತದೆ. ಫೈಲ್ ಬಂದೇ ಇಲ್ಲ ಅನ್ನುವ ದೂರುಗಳ ಮೂಲ ಇದೇ.

ಸಮಸ್ಯೆ ಯಾವಾಗ ಬರುತ್ತದೆ ಗೊತ್ತಿಲ್ಲದಿದ್ದರೆ ಸದಾ ರೆಕಾರ್ಡ್ ಮಾಡುತ್ತಿರಿ: ಸ್ಟಾರ್ಟ್‌ಫ್ಲೈಟ್‌ರೆಕಾರ್ಡಿಂಗ್ ಆಯ್ಕೆಗೆ ಮ್ಯಾಕ್ಸ್‌ಏಜ್=12ಎಚ್, ಮ್ಯಾಕ್ಸ್‌ಸೈಜ್=500ಎಂ, ಡಂಪ್‌ಆನ್‌ಎಕ್ಸಿಟ್=ಟ್ರೂ. ಬೆಳಗಿನ ಜಾವ 3ಕ್ಕೆ ಕೈಕೊಟ್ಟದ್ದನ್ನು 9ಕ್ಕೆ ಬಂದು ಡಂಪ್ ಮಾಡಿ ನೋಡಬಹುದು. ಜಾವಾ 21ರಲ್ಲಿ ಮಿಷನ್ ಕಂಟ್ರೋಲ್ ಕೂಡ ಬೇಡ. ಜೆಎಫ್‌ಆರ್ ವ್ಯೂ ಹಾಟ್-ಮೆಥಡ್ಸ್ ಅಂತ ಕೊಟ್ಟು ಫೈಲಿನ ಹೆಸರು ಬರೆದರೆ ಟರ್ಮಿನಲ್‌ನಲ್ಲೇ ಪಟ್ಟಿ ಬರುತ್ತದೆ.

ವಿಶುವಲ್‌ವಿಎಂನಲ್ಲಿ ರಿಮೋಟ್ ಕನೆಕ್ಷನ್ ಹಾಕಿದ್ರೆ ಪ್ರೊಫೈಲರ್ ಟ್ಯಾಬ್ ಇರೋದೇ ಇಲ್ಲ?

ಅದು ಅದೇ ಯಂತ್ರದ ಜೆವಿಎಂಗೆ ಮಾತ್ರ. ದೂರದ್ದಕ್ಕೆ ಸ್ಯಾಂಪ್ಲರ್ ಟ್ಯಾಬ್ ಇದೆ, ಅದಕ್ಕೆ ಜೆಎಂಎಕ್ಸ್ ಸಂಪರ್ಕ ಬೇಕು. ಜೆಸ್ಟಾಟ್‌ಡಿ (ಅಂಕಿಗಳನ್ನಷ್ಟೇ ದೂರಕ್ಕೆ ಕಳಿಸುವ ಜೆಡಿಕೆ ಟೂಲ್) ಮೂಲಕ ಬಂದರೆ ಗ್ರಾಫ್‌ಗಳಷ್ಟೇ ಸಿಗುತ್ತವೆ, ಸ್ಯಾಂಪ್ಲರ್ ಸಿಗಲ್ಲ. ಇನ್ನೊಂದು ಮಾತು, ಅಲ್ಲಿ ಹೀಪ್ ಡಂಪ್ ಒತ್ತಿದರೆ ಫೈಲ್ ಹುಟ್ಟುವುದು ಸರ್ವರ್‌ನ ಡಿಸ್ಕ್‌ನಲ್ಲಿ.

ಸಿಪಿಯು 100% ಹೋಗಿದೆ. ಯಾವ ಥ್ರೆಡ್ ಅಂತ ಬೇಗ ಕಂಡುಹಿಡಿಯೋದು ಹೇಗೆ?

ಟಾಪ್ ಕಮಾಂಡ್‌ಗೆ ದೊಡ್ಡ ಎಚ್, ಸಣ್ಣ ಪಿ ಆಯ್ಕೆ ಮತ್ತು ಪಿಐಡಿ ಕೊಟ್ಟರೆ ಥ್ರೆಡ್‌ಗಳು ಬೇರೆ ಬೇರೆ ಕಾಣುತ್ತವೆ. ಮೇಲಿರುವ ಥ್ರೆಡ್ ನಂಬರ್ 31274 ಅಂತಿಟ್ಟುಕೊಳ್ಳಿ. ಅದರ ಹೆಕ್ಸ್ ರೂಪ 7ಎ2ಎ. ಈಗ ಜೆಸಿಎಂಡಿ 4182 ಥ್ರೆಡ್.ಪ್ರಿಂಟ್ ಕೊಟ್ಟು ಬಂದದ್ದರಲ್ಲಿ ಎನ್‌ಐಡಿ=0ಎಕ್ಸ್7ಎ2ಎ ಹುಡುಕಿ. ಜಾವಾ 21ರಲ್ಲಿ ಎನ್‌ಐಡಿ ದಶಮಾಂಶದಲ್ಲೇ ಇರುವುದರಿಂದ ನೇರ 31274 ಹುಡುಕಿದರಾಯಿತು.

ಐದೈದು ಸೆಕೆಂಡ್ ಬಿಟ್ಟು ಮೂರು ಸಲ ತೆಗೆಯಿರಿ. ಮೂರರಲ್ಲೂ ಅದೇ ಮೆಥಡ್ ಇದ್ದರೆ ಸಿಕ್ಕಿತು. ಒಂದೇ ಡಂಪ್ ನೋಡಿ ತೀರ್ಮಾನಿಸಬೇಡಿ. ಅದು ಜಿಸಿಯ ಥ್ರೆಡ್ ಆಗಿದ್ದರೆ ದೋಷ ಮೆಥಡ್‌ನಲ್ಲಿ ಅಲ್ಲ, ಮೆಮೊರಿಯಲ್ಲಿ. ವರ್ಚುವಲ್ ಥ್ರೆಡ್ ಬಳಸುತ್ತಿದ್ದರೆ ಅವು ಥ್ರೆಡ್.ಪ್ರಿಂಟ್‌ನಲ್ಲಿ ಬರಲ್ಲ, ಥ್ರೆಡ್.ಡಂಪ್_ಟು_ಫೈಲ್ ಬೇಕು.

ಹೀಪ್ ಗ್ರಾಫ್ ಏರ್ತಾನೇ ಇದೆ. ಲೀಕ್ ಅಂತಾನಾ?

ಗರಗಸದ ಹಲ್ಲಿನಂತೆ ಏರಿ ಇಳಿಯುತ್ತಿದ್ದರೆ ಅದು ಆರೋಗ್ಯ. ನೋಡಬೇಕಾದ್ದು ಹಲ್ಲಿನ ತುದಿಯನ್ನಲ್ಲ, ಬುಡವನ್ನು. ಓಲ್ಡ್ ಜೆನ್ (ಬಹಳ ಹೊತ್ತು ಬದುಕಿದ ಆಬ್ಜೆಕ್ಟ್‌ಗಳ ಜಾಗ) ಮೆಮೊರಿಪೂಲ್ ಎಂಬೀನ್‌ನಲ್ಲಿ ಯೂಸೇಜ್ ಬಿಟ್ಟು ಕಲೆಕ್ಷನ್‌ಯೂಸೇಜ್ ನೋಡಿ. ಜಿಸಿ ಗುಡಿಸಿದ ಮೇಲೂ ಉಳಿದದ್ದು ಅದು. ಆ ಬುಡ ಗಂಟೆಗಟ್ಟಲೆ ಮೇಲೇರುತ್ತಿದ್ದರೆ ಲೀಕ್, ಅಥವಾ ಮಿತಿ ಇಲ್ಲದ ಕ್ಯಾಶ್. ಎರಡಕ್ಕೂ ಕೊನೆ ಒಂದೇ.

ಪ್ರೊಡಕ್ಷನ್‌ನಲ್ಲಿ ಹೀಪ್ ಡಂಪ್ ತೆಗೆದರೆ ಏನಾಗುತ್ತೆ?

ಡಂಪ್ ಮುಗಿಯುವವರೆಗೆ ಅಪ್ಲಿಕೇಶನ್ ಪೂರ್ತಿ ನಿಲ್ಲುತ್ತದೆ. ಜೆಸಿಎಂಡಿಯ ಜಿಸಿ.ಹೀಪ್_ಡಂಪ್ ಮೊದಲು ಒಂದು ಫುಲ್ ಜಿಸಿ ಮಾಡಿ, ಆಮೇಲೆ ಬದುಕಿರುವ ಆಬ್ಜೆಕ್ಟ್‌ಗಳನ್ನೆಲ್ಲ ಡಿಸ್ಕ್‌ಗೆ ಬರೆಯುತ್ತದೆ. ಹೀಪ್ ದೊಡ್ಡದಿದ್ದು ಡಿಸ್ಕ್ ನಿಧಾನವಿದ್ದರೆ ಇದು ನಿಮಿಷಗಳ ಕೆಲಸ. ಕುಬರ್ನೆಟೀಸ್‌ನಲ್ಲಾದರೆ ಅಷ್ಟರಲ್ಲಿ ಲೈವ್‌ನೆಸ್ ಪ್ರೋಬ್ (ಬದುಕಿದೆಯಾ ಅನ್ನೋ ಪರೀಕ್ಷೆ) ಸೋತು, ಪಾಡ್ (ಕಂಟೇನರ್ ಓಡುವ ಗೂಡು) ಸತ್ತು, ಅರ್ಧ ಬರೆದ ಫೈಲೂ ಹೋಗಿರುತ್ತದೆ.

ಆದ್ದರಿಂದ ಮೊದಲು ಆ ಇನ್‌ಸ್ಟೆನ್ಸನ್ನು ಲೋಡ್ ಬ್ಯಾಲೆನ್ಸರ್‌ನಿಂದ ತೆಗೆಯಿರಿ, ಹೀಪ್‌ನಷ್ಟು ಜಾಗ ಡಿಸ್ಕ್‌ನಲ್ಲಿದೆಯಾ ನೋಡಿ, ಆಮೇಲೆ ಡಂಪ್. ಓದಲು ಎಕ್ಲಿಪ್ಸ್ ಮ್ಯಾಟ್. ಅದರಲ್ಲಿ ಡಾಮಿನೇಟರ್ ಟ್ರೀ ತೆರೆದು ರಿಟೇನ್ಡ್ ಹೀಪ್ (ಆ ಆಬ್ಜೆಕ್ಟ್ ಹೋದರೆ ಬಿಡುಗಡೆಯಾಗುವ ಮೆಮೊರಿ) ಪ್ರಕಾರ ಜೋಡಿಸಿ. ಡಂಪ್ ಒಳಗೆ ಬಳಕೆದಾರರ ಪಾಸ್‌ವರ್ಡ್, ಟೋಕನ್ ಎಲ್ಲ ಬರಿಗಣ್ಣಿಗೆ ಕಾಣುವಂತಿರುತ್ತವೆ, ಚಾಟ್‌ನಲ್ಲಿ ಕಳಿಸುವ ವಸ್ತು ಅಲ್ಲ ಅದು.

## ಕಂಟೇನರ್ ಮತ್ತು ಮುಂದಿನದು

ಪಾಡ್ ಒಳಗಿನ ಜಾವಾಗೆ ಜೆಕನ್ಸೋಲ್ ಹೇಗೆ ಜೋಡಿಸೋದು?

ಜೆಎಂಎಕ್ಸ್‌ನ ಆರೂ ಆಯ್ಕೆ ಹಾಗೇ ಇರಲಿ; ಕ್ಯೂಬ್‌ಸಿಟಿಎಲ್ ಪೋರ್ಟ್-ಫಾರ್ವರ್ಡ್, ಪಾಡ್ ಹೆಸರು, 9010:9010. ಸರ್ವಿಸ್ ಆಗಿ ಹೊರಗೆ ತೆರೆಯಬೇಡಿ.

ಆಯ್ಕೆಗಳನ್ನು ಜಾವಾ_ಟೂಲ್_ಆಪ್ಷನ್ಸ್‌ನಲ್ಲಿ ಇಟ್ಟಿದ್ದರೆ ಒಂದು ಗುದ್ದು ಕಾದಿದೆ. ಪಾಡ್ ಒಳಗೆ ಹೋಗಿ ಜೆಸಿಎಂಡಿ ಓಡಿಸಿದಾಗ ಅದೂ ಒಂದು ಜಾವಾ ಪ್ರೋಗ್ರಾಮ್ ಆದ್ದರಿಂದ ಅದೇ ಆಯ್ಕೆ ಓದಿ 9010 ಹಿಡಿಯಲು ಹೋಗಿ ಬೀಳುತ್ತದೆ. ಆ ಶೆಲ್‌ನಲ್ಲಿ ಅನ್‌ಸೆಟ್ ಮಾಡಿ ಓಡಿಸಿ.

ಇಮೇಜ್‌ನಲ್ಲಿ ಜೆಆರ್‌ಇ ಮಾತ್ರ ಇದೆ, ಜೆಸಿಎಂಡಿ ಇಲ್ಲ. ಏನು ಮಾಡ್ಲಿ?

ಜೆಅಟ್ಯಾಚ್ ಅನ್ನೋ ಪುಟ್ಟ ಪ್ರೋಗ್ರಾಮ್ ಇದೆ, ಅದಕ್ಕೆ ಜಾವಾವೇ ಬೇಡ. ಪಾಡ್‌ಗೆ ನಕಲಿಸಿ, ಪಿಐಡಿ ಕೊಟ್ಟು ಜೆಸಿಎಂಡಿಯ ಕಮಾಂಡ್‌ಗಳನ್ನೇ ಕಳಿಸಬಹುದು. ಕಂಟೇನರ್‌ನಲ್ಲಿ ಪಿಐಡಿ ಸಾಮಾನ್ಯವಾಗಿ 1. ಫೈಲ್‌ಸಿಸ್ಟಂ ಓದಲು ಮಾತ್ರ ಅಂತ ಕಟ್ಟಿದ್ದರೆ ಟಿಎಂಪಿಗೆ ಎಂಪ್ಟಿಡಿರ್ ವಾಲ್ಯೂಮ್ ಕೊಡಬೇಕು, ಇಲ್ಲದಿದ್ದರೆ ಅಟ್ಯಾಚ್ ಸಾಕೆಟ್ ಹುಟ್ಟಲು ಜಾಗವಿಲ್ಲ.

ಹೀಪ್ ಅರ್ಧವೂ ತುಂಬಿಲ್ಲ, ಆದ್ರೂ ಪಾಡ್ 137 ಅಂತ ಸಾಯುತ್ತೆ.

137 ಅಂದರೆ 128ಕ್ಕೆ 9 ಕೂಡಿದ್ದು: ಪ್ರೋಗ್ರಾಮನ್ನು 9ನೇ ಸಿಗ್ನಲ್ ಕೊಂದಿದೆ, ಬಹುತೇಕ ಸಲ ಮೆಮೊರಿ ಮಿತಿ ದಾಟಿದ್ದಕ್ಕೆ. ಮಿತಿ ಅನ್ವಯಿಸುವುದು ಹೀಪ್‌ಗಲ್ಲ, ಇಡೀ ಪ್ರೋಸೆಸ್‌ಗೆ. 1024 ಎಂಬಿ ಮಿತಿಯಲ್ಲಿ ಮ್ಯಾಕ್ಸ್‌ರಾಮ್‌ಪರ್ಸೆಂಟೇಜ್ 80 ಇಟ್ಟರೆ ಹೀಪ್‌ಗೆ 819. ಉಳಿದ 205ರಲ್ಲಿ ಮೆಟಾಸ್ಪೇಸ್ (ಕ್ಲಾಸ್‌ಗಳ ಮಾಹಿತಿ), ಕೋಡ್ ಕ್ಯಾಶ್ (ಕಂಪೈಲ್ ಆದ ಕೋಡ್), ಡೈರೆಕ್ಟ್ ಬಫರ್, ಪ್ರತಿ ಥ್ರೆಡ್‌ಗೂ 1 ಎಂಬಿವರೆಗೆ ಬೆಳೆಯಬಲ್ಲ ಸ್ಟಾಕ್ ಎಲ್ಲ ಹೊಂದಬೇಕು. ಹೀಪ್ ಒಮ್ಮೆ ಹಿಗ್ಗಿದರೆ, ಒಳಗೆ ಖಾಲಿಯಿದ್ದರೂ ಆ ಜಾಗ ಲೆಕ್ಕಕ್ಕೆ ಇರುತ್ತದೆ.

ನೇಟಿವ್‌ಮೆಮೊರಿಟ್ರ್ಯಾಕಿಂಗ್=ಸಮ್ಮರಿ ಹಾಕಿ ಎಬ್ಬಿಸಿ, ಜೆಸಿಎಂಡಿಯಿಂದ ವಿಎಂ.ನೇಟಿವ್_ಮೆಮೊರಿ ಬೇಸ್‌ಲೈನ್ ತೆಗೆದು, ಒಂದು ಗಂಟೆಯ ನಂತರ ಸಮ್ಮರಿ.ಡಿಫ್ ನೋಡಿ. ಯಾವ ಸಾಲು ಬೆಳೆದಿದೆಯೋ ಅದೇ. ಯಾವುದೂ ಬೆಳೆದಿಲ್ಲ, ಆದರೂ ಪ್ರೋಸೆಸ್ ಊದುತ್ತಿದೆ ಅಂದರೆ ಜೆವಿಎಂ ಲೆಕ್ಕಕ್ಕೆ ಸಿಗದ ನೇಟಿವ್ ಲೈಬ್ರರಿ, ಇಲ್ಲವೇ ಜಿಲಿಬ್‌ಸಿ (ಲಿನಕ್ಸ್‌ನ ಸಿ ಲೈಬ್ರರಿ) ಮೆಮೊರಿ ಹಿಡಿದಿಡುವ ಅರೀನಾಗಳು. ಎರಡನೆಯದಕ್ಕೆ ಮ್ಯಾಲಾಕ್_ಅರೀನಾ_ಮ್ಯಾಕ್ಸ್=2 ಇಟ್ಟು ನೋಡಿ.

ಎರಡು ಪ್ರೊಫೈಲರ್ ಎರಡು ಬೇರೆ ಉತ್ತರ ಕೊಡ್ತಿವೆ. ಯಾವುದನ್ನ ನಂಬೋದು?

ಥ್ರೆಡ್ ಡಂಪ್ ಮೂಲಕ ಸ್ಯಾಂಪಲ್ ಮಾಡುವ ಟೂಲ್‌ಗಳು, ವಿಶುವಲ್‌ವಿಎಂ ಸ್ಯಾಂಪ್ಲರ್ ಕೂಡ, ಥ್ರೆಡ್‌ಗಳು ಸೇಫ್‌ಪಾಯಿಂಟ್ (ಜೆವಿಎಂ ಅವನ್ನು ಸುರಕ್ಷಿತವಾಗಿ ನಿಲ್ಲಿಸಬಲ್ಲ ಜಾಗ) ತಲುಪಿದ ಮೇಲಷ್ಟೇ ನೋಡುತ್ತವೆ. ಬಿಗಿಯಾದ ಲೂಪ್‌ನೊಳಗೆ ಸೇಫ್‌ಪಾಯಿಂಟ್ ಇಲ್ಲದಿದ್ದರೆ ಹೊತ್ತೆಲ್ಲ ಅದರ ಆಚೆಯ ಬಡಪಾಯಿ ಮೆಥಡ್ ತಲೆಗೆ ಬೀಳುತ್ತದೆ. ಜೆಎಫ್‌ಆರ್, ಅಸಿಂಕ್-ಪ್ರೊಫೈಲರ್ (ಬೇರೆಯಾಗಿ ಸಿಗುವ ಓಪನ್ ಸೋರ್ಸ್ ಟೂಲ್) ಸೇಫ್‌ಪಾಯಿಂಟ್‌ಗೆ ಕಾಯುವುದಿಲ್ಲ, ಅವನ್ನು ನಂಬಿ. ಡೀಬಗ್‌ನಾನ್‌ಸೇಫ್‌ಪಾಯಿಂಟ್ಸ್ ಆಯ್ಕೆ ಹಾಕಿದರೆ ಇನ್ನೂ ನಿಖರ, ಅದಕ್ಕೆ ಮೊದಲು ಅನ್‌ಲಾಕ್‌ಡಯಾಗ್ನೋಸ್ಟಿಕ್‌ವಿಎಂಆಪ್ಷನ್ಸ್ ಬೇಕು.

ಅಸಿಂಕ್-ಪ್ರೊಫೈಲರ್ ಕರ್ನಲ್ ಒಳಗಿನ ಕರೆಗಳನ್ನೂ ತೋರಿಸಬೇಕಾದರೆ ಲಿನಕ್ಸ್‌ನ ಪರ್ಫ್_ಈವೆಂಟ್_ಪ್ಯಾರನಾಯ್ಡ್ ಸೆಟ್ಟಿಂಗ್ 1 ಇರಬೇಕು. ಡಾಕರ್‌ನ ಸೆಕ್‌ಕಾಂಪ್ (ಸಿಸ್ಟಂ ಕರೆಗಳನ್ನು ಸೋಸುವ ಜಾಲರಿ) ಪರ್ಫ್ ಕರೆಗಳನ್ನು ತಡೆಯುವುದರಿಂದ ಕಂಟೇನರ್‌ನಲ್ಲಿ ಸಿಟೈಮರ್ ಅಥವಾ ಐಟೈಮರ್ ಈವೆಂಟ್ ಬಳಸಿ. ಬರುವ ಫ್ಲೇಮ್ ಗ್ರಾಫ್‌ನಲ್ಲಿ ಎಡದಿಂದ ಬಲಕ್ಕೆ ಸಮಯ ಹರಿಯುವುದಿಲ್ಲ. ಪಟ್ಟಿ ಎಷ್ಟು ಅಗಲವೋ ಅಷ್ಟು ಸ್ಯಾಂಪಲ್, ಅಷ್ಟೇ.

ಸಿಪಿಯು 10% ಕೂಡ ಇಲ್ಲ, ಆದ್ರೂ ರಿಕ್ವೆಸ್ಟ್‌ಗೆ 4 ಸೆಕೆಂಡ್ ಹಿಡಿಯುತ್ತೆ. ಪ್ರೊಫೈಲರ್‌ನಲ್ಲಿ ಏನೂ ಕಾಣಲ್ಲ.

ಕೆಲಸ ಮಾಡುತ್ತಿರುವ ಥ್ರೆಡ್‌ಗಳನ್ನು ನೋಡುತ್ತಿದ್ದೀರಿ, ನಿಮ್ಮದು ಕಾಯುತ್ತಾ ಕೂತಿದೆ. ಅಸಿಂಕ್-ಪ್ರೊಫೈಲರ್‌ನಲ್ಲಿ ವಾಲ್ ಈವೆಂಟ್ ಆರಿಸಿ, ಥ್ರೆಡ್‌ವಾರು ಬೇರ್ಪಡಿಸಿ. ಜೆಎಫ್‌ಆರ್‌ನಲ್ಲಾದರೆ ಜಾವಾಮಾನಿಟರ್‌ಎಂಟರ್, ಥ್ರೆಡ್‌ಪಾರ್ಕ್, ಸಾಕೆಟ್‌ರೀಡ್ ಈವೆಂಟ್‌ಗಳು. ಡೀಫಾಲ್ಟ್‌ನಲ್ಲಿ 20 ಮಿಲಿಸೆಕೆಂಡ್‌ಗಿಂತ ಕಡಿಮೆ ಕಾದದ್ದು ದಾಖಲಾಗುವುದಿಲ್ಲ: ಒಂದು ರಿಕ್ವೆಸ್ಟ್ 5 ಮಿಲಿಸೆಕೆಂಡ್‌ನ 800 ಡೇಟಾಬೇಸ್ ಕರೆ ಮಾಡಿದರೆ 4 ಸೆಕೆಂಡ್ ಆಯಿತು, ರೆಕಾರ್ಡಿಂಗ್‌ನಲ್ಲಿ ಒಂದೂ ಇಲ್ಲ. ಥ್ರೆಶೋಲ್ಡ್ 1 ಮಿಲಿಸೆಕೆಂಡ್‌ಗೆ ಇಳಿಸಿದ ಸೆಟ್ಟಿಂಗ್ ಫೈಲ್ ಕೊಟ್ಟು ಒಂದೆರಡು ನಿಮಿಷ ಮಾತ್ರ ರೆಕಾರ್ಡ್ ಮಾಡಿ.

50 ಸರ್ವರ್ ಇದೆ. ಪ್ರತಿಯೊಂದಕ್ಕೂ ಟನಲ್ ಹಾಕ್ಕೊಂಡು ಕೂರೋಕಾಗುತ್ತಾ?

ಆಗಲ್ಲ, ಆಗಬಾರದು. ಪ್ರಮಿತಿಯಸ್‌ನ (ಎಲ್ಲ ಸರ್ವರ್‌ಗಳ ಅಂಕಿ ಒಂದೆಡೆ ಕೂಡಿಸುವ ಮಾನಿಟರಿಂಗ್ ಸಿಸ್ಟಂ) ಜೆಎಂಎಕ್ಸ್ ಎಕ್ಸ್‌ಪೋರ್ಟರನ್ನು ಜಾವಾಏಜೆಂಟ್ ಆಗಿ ಹಾಕಿ. ಜೆವಿಎಂ ಒಳಗೇ ಕೂತು ಎಂಬೀನ್ ಓದಿ ಒಂದೇ ಎಚ್‌ಟಿಟಿಪಿ ಪೋರ್ಟ್‌ನಲ್ಲಿ ಕೊಡುತ್ತದೆ. ಆರ್‌ಎಂಐ ಇಲ್ಲ, ಸ್ಟಬ್ ಇಲ್ಲ. ಉದಾಹರಣೆಗಳಲ್ಲಿ ತೋರಿಸುವಂತೆ ಎಲ್ಲ ಎಂಬೀನ್ ಬೇಕು ಅನ್ನೋ ಪ್ಯಾಟರ್ನ್ ಇಟ್ಟರೆ ಕಾಫ್ಕಾ, ಕಸ್ಸಾಂಡ್ರಾದಂಥ ಸಾವಿರಾರು ಎಂಬೀನ್ ಇರುವ ಕಡೆ ಒಂದೊಂದು ಓದಿಗೂ ಸೆಕೆಂಡ್‌ಗಟ್ಟಲೆ ಹಿಡಿಯುತ್ತದೆ. ಹೀಪ್, ಜಿಸಿ, ಥ್ರೆಡ್, ತೆರೆದ ಫೈಲ್ ಸಂಖ್ಯೆ, ಕನೆಕ್ಷನ್ ಪೂಲ್: ಇಷ್ಟರಿಂದ ಶುರು ಮಾಡಿ, ಬೇಕಾದಾಗ ಒಂದೊಂದೇ ಸೇರಿಸಿ.